ಸೊಂಟದಲ್ಲೇ ಬಂದ ಬೀಗದ ಕೈ

ಬೆಂಗಳೂರು, ವಿಮಾನ ಹತ್ತುವ ಜಾಗ

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ, ಸೇತುವೆ, ದೊಡ್ಡ ಗಡಿಯಾರ ಅಂತ ಹೇಳುತ್ತಾರೆ. ಅವು ಯಾವುದನ್ನೂ ನಾನು ನೋಡಲಿಲ್ಲ. ನೋಡಿದ್ದು ನಾಯಿಗಳನ್ನು, ಒಂದು ಮೀಟಿಂಗನ್ನು, ಆ ಮೀಟಿಂಗಿನ ಬಾಗಿಲ ಹೊರಗಿದ್ದ ಒಂದು ಬೆಂಚನ್ನು. ಅದನ್ನೇ ಹೇಳುತ್ತೇನೆ. ಅರಮನೆ ಬೇಕಾದವರು ಬೇರೆಯವರನ್ನು ಕೇಳಿ.

ನಮ್ಮದು ತುರುವೇಕೆರೆ ತಾಲ್ಲೂಕು, ದಬ್ಬೇಘಟ್ಟದ ದಾರಿಯಲ್ಲಿ ತೆಂಗಿನ ತೋಟ. ತೋಟದ ಮಗ್ಗುಲಿಗೆ ಕೊಬ್ಬರಿ ಹಾಕುತ್ತಿದ್ದ ಉದ್ದನೆಯ ಶೆಡ್ಡಿದೆ. ಯಜಮಾನರು ತೀರಿಹೋದ ವರ್ಷ, ಲಾರಿಗೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿಯೊಂದನ್ನು ತಂದು ಅಲ್ಲಿ ಮಲಗಿಸಿದೆ. ಅದು ಬದುಕಿತು. ಸುದ್ದಿ ಹರಡಿತು. ಆಮೇಲೆ ರಾತ್ರೋರಾತ್ರಿ ಗೇಟಿಗೆ ಕಟ್ಟಿ ಹೋಗುವವರು ಶುರುವಾದರು. ಈಗ ನಾಯಿ, ಗೊಡ್ಡು ಹಸು, ಕಣ್ಣು ಹೋದ ಕತ್ತೆ ಎಲ್ಲ ಇವೆ. ರಿಜಿಸ್ಟರ್ ಮಾಡಿಸಿ ಟ್ರಸ್ಟ್ ಅಂತ ಬೋರ್ಡು ಹಾಕಿದ್ದೇವೆ. ಊರವರು ಮಾತ್ರ ನಾಯಿ ಕೊಟ್ಟಿಗೆ ಅಂತಲೇ ಕರೆಯುತ್ತಾರೆ. ನಾನು ಅಧ್ಯಕ್ಷೆ. ಮೊದಲಿಂದಲೂ ನಾನೇ.

ಕಮಿಟಿಯೂ ಇದೆ. ನಾನು ಹೇಳುತ್ತೇನೆ, ಅವರು ‘ಆಯ್ತಜ್ಜಿ’ ಅನ್ನುತ್ತಾರೆ, ಕಾಫಿ ಕುಡಿದು ಏಳುತ್ತೇವೆ. ಮೀಟಿಂಗ್ ಅಂದರೆ ಅಷ್ಟೇ ಅಂದುಕೊಂಡಿದ್ದೆ. ಆದರೆ ಹೋದ ಮಳೆಗಾಲದ ಮೀಟಿಂಗಿನಲ್ಲಿ ಕಾರ್ಯದರ್ಶಿ ರೇಣುಕಾ ಕಾಫಿ ಲೋಟ ಮುಟ್ಟಲಿಲ್ಲ. ತುರುವೇಕೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವವಳು, ಮಾತು ಕಮ್ಮಿ.

“ಅಜ್ಜಿ, ಸ್ಟೋರ್ ರೂಮಿನ ಬೀಗದ ಕೈ ಇನ್ನೊಂದು ಮಾಡಿಸಾಣ. ಅಧ್ಯಕ್ಷರೂ ಮೂರು ವರ್ಷಕ್ಕೊಂದ್ಸಲ ಬದಲಾಗ್ಲಿ. ಯಾರಾದ್ರೂ ಆಗ್ಲಿ, ನಾನೇ ಆಗ್ಬೇಕು ಅಂತಿಲ್ಲ.”

“ನಾನು ಸತ್ತ ಮೇಲೆ ಮಾಡಿಸ್ಕಳೇ. ಸೊಂಟದಿಂದ ಬಿಚ್ಕೊಳಕ್ಕೆ ಆಗ ಸಲೀಸಾಯ್ತದೆ” ಅಂದೆ.

ಟೆಂಪೋ ಬಸವರಾಜು ನಕ್ಕ. ರೇಣುಕಾ ನಗಲಿಲ್ಲ. ಉಳಿದವರು ಬಿಸ್ಕತ್ತಿನ ತಟ್ಟೆ ನೋಡಿದರು.

ಸ್ವಲ್ಪ ದಿನಕ್ಕೆ ಇಂಗ್ಲೆಂಡಿನಿಂದ ಕರೆ ಬಂತು. ಹಂದನಕೆರೆಯ ಹುಡುಗಿ ಶಾಲಿನಿ ಅಲ್ಲಿ ಒಂದು ಪ್ರಾಣಿಗಳ ಆಶ್ರಯದಲ್ಲಿ ನರ್ಸು. ಊರಿಗೆ ಬಂದಾಗ ನಮ್ಮ ಕೊಟ್ಟಿಗೆ ನೋಡಿ ಹೋಗಿದ್ದಳು. ನಿಮ್ಮಲ್ಲಿ ಒಬ್ಬರು ಬಂದು ನಾವು ನಡೆಸುವುದನ್ನು ನೋಡಲಿ, ಟಿಕೆಟ್ ನಾವೇ ಕಳಿಸುತ್ತೇವೆ ಅಂದರು. ಕಮಿಟಿಯಲ್ಲಿ ಎಲ್ಲರೂ ಒಂದೇ ಬಾಯಲ್ಲಿ, “ಅಜ್ಜಿ ಹೋಗ್ಬರ್ಲಿ.” ಪಾಸ್‌ಪೋರ್ಟಿಗೆ ಓಡಾಡಿದವಳೂ ರೇಣುಕಾನೇ. ನನಗೆ ಆಗಲೇ ಅನುಮಾನ. ನಾನು ಆಕಾಶದಲ್ಲಿರುವಾಗ ಇವರು ಕೆಳಗೆ ನನ್ನ ಕುರ್ಚಿ ಎಳೆಯುತ್ತಾರೆ ಅಂತ. ಹೋಗುವುದಿಲ್ಲ ಅಂದರೆ ಹೆದರಿದಂತೆ. ಅದಕ್ಕೇ ಹೊರಟೆ.

ಬೆಂಗಳೂರಿನಲ್ಲಿ ನನ್ನ ಪೆಟ್ಟಿಗೆ ಒಂದು ಡಬ್ಬಿಯೊಳಗೆ ಹೋಗಿ ಬಂತು, ತಕ್ಷಣ ನನ್ನನ್ನು ಪಕ್ಕಕ್ಕೆ ಕರೆದರು. ಪೆಟ್ಟಿಗೆಯ ತುಂಬ ಉಂಡೆ ಕೊಬ್ಬರಿ. ಬರಿಗೈಯಲ್ಲಿ ಹೋಗುವುದಾದರೂ ಹೇಗೆ?

“ಇದನ್ನ ತಗೊಂಡ್ ಹೋಗಂಗಿಲ್ಲಮ್ಮ. ಬೆಂಕಿ ಹತ್ಕೊಳುತ್ತೆ.”

“ಕೊಬ್ಬರಿ ಕಣಪ್ಪ ಅದು, ಬಾಂಬಲ್ಲ.”

“ಎಣ್ಣೆ ಅಂಶ ಇರುತ್ತೆ, ರೂಲ್ಸು.”

“ಎಣ್ಣೆ ಇಲ್ದಿದ್ರೆ ಅದು ಯಾವ ಸೀಮೆ ಕೊಬ್ಬರಿ? ವರ್ಷಗಟ್ಲೆ ನಮ್ಮನೆ ಅಟ್ಟದ ಮೇಲೆ ಕೂತಿದ್ದಾವೆ. ಒಂದಿನ ಹತ್ಕೊಂಡಿಲ್ಲ.”

ಅವನು ನಕ್ಕ, ಆದರೆ ಎಲ್ಲವನ್ನೂ ತೆಗೆದಿಟ್ಟ. ನಮ್ಮ ತೋಟದ ಕೊಬ್ಬರಿ ಕಸದ ಡಬ್ಬಿಯ ಪಕ್ಕ ಸಾಲಾಗಿ ಕೂತಿದ್ದು ನೋಡಿದಾಗ, ಊರಿನವರು ಯಾರೋ ಪೊಲೀಸ್ ಸ್ಟೇಷನ್ನಿನಲ್ಲಿ ಕೂತಂತೆ ಕಂಡಿತು. ಪೆಟ್ಟಿಗೆಯಲ್ಲಿ ಉಳಿದದ್ದು ಸೀರೆ, ಸ್ವೆಟರು, ಒಂದು ರವಿಕೆ ಕಣ, ಅರಿಶಿನ ಕುಂಕುಮದ ಪೊಟ್ಟಣ, ನಾನೇ ಹೊಸೆದ ತೆಂಗಿನ ನಾರಿನ ಹಗ್ಗ.

ಆಮೇಲೆ ಬಾಗಿಲಿನಂಥದ್ದರೊಳಗೆ ನಡೆಸಿದರು. ಅದು ಕೀಂ ಅಂತು. ಸೊಂಟದಿಂದ ಬೀಗದ ಕೈ ತೆಗೆದು ತಟ್ಟೆಗೆ ಹಾಕಿದೆ. ಆ ಕಡೆ ಹೋಗಿ ಎತ್ತಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಏನೂ ಹೊಳೆಯಲಿಲ್ಲ. ಮೂಗುಬೊಟ್ಟು ಮೂಗಿನಲ್ಲಿರುವಂತೆ ಅದು ಅಲ್ಲಿರುತ್ತದೆ, ಅಷ್ಟೇ.

ಶಾಲಿನಿಯ ಮನೆ

ಅದು ಇಂಗ್ಲೆಂಡಿನ ಮೇಲುಗಡೆ, ಸಮುದ್ರಕ್ಕೆ ಹತ್ತಿರದ ಸಣ್ಣ ಊರು. ಮಧ್ಯಾಹ್ನದ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಕತ್ತಲಾಗುತ್ತದೆ. ಸೂರ್ಯ ಬರುವುದೇ ಬೇಕೋ ಬೇಡವೋ ಅನ್ನುವ ಹಾಗೆ.

ಶಾಲಿನಿಯ ಮನೆ ತಲುಪಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅವಳ ಫೋನು ಬಡಿದುಕೊಂಡಿತು. ರೇಣುಕಾ.

“ಅಜ್ಜಿ, ಸ್ಟೋರ್ ರೂಮಿನ ಬೀಗದ ಕೈ ಎಲ್ಲಿಟ್ಟಿದ್ದೀರಿ? ಬೆಳಗಿಂದ ಎಲ್ಲಾ ಕಡೆ ಹುಡುಕಿದ್ವಿ. ನಿಮ್ಮ ಫೋನ್ ಹೋಗ್ತಿರ್ಲಿಲ್ಲ.”

ನನ್ನ ಕೈ ಸೊಂಟಕ್ಕೆ ಹೋಯಿತು. ಅಲ್ಲೇ ಇತ್ತು. ಸಮುದ್ರ ದಾಟಿ ಬಂದಿತ್ತು.

ಸ್ಟೋರ್ ರೂಮಿನಲ್ಲಿ ಹಿಂಡಿ, ಅಕ್ಕಿ, ಔಷಧಿ ಎಲ್ಲ ಇರುತ್ತದೆ. ಕೆಂಚಿ ಅನ್ನುವ ನಾಯಿಗೆ ಫಿಟ್ಸು. ದಿನಾ ಬೆಳಿಗ್ಗೆ ಮಾತ್ರೆ ಹಾಕಲೇಬೇಕು. ರೇಣುಕಾಳ ಅಂಗಡಿಯಲ್ಲೂ ಆ ಮಾತ್ರೆ ತೀರಿತ್ತಂತೆ, ತರಿಸಲು ತಿಪಟೂರಿಗೆ ಆಳು ಕಳಿಸಿದ್ದಳು.

“ಕೆಂಚಿ?” ಅಂದೆ.

“ಒಂದ್ಸಲ ಬಂತು. ಈಗ ಮಲಗವ್ಳೆ.”

ಹಿಂದಿನಿಂದ ಬಸವರಾಜುವಿನ ದನಿ. “ಬೀಗ ಒಡೀಲಾ ಕೇಳಿ ರೇಣುಕಕ್ಕಾ!”

“ಬೆಳಗಿಂದ ಒಡೀದೆ ಏನ್ ಮಾಡ್ತಿದ್ದೀಯ್ಲಾ?” ಅಂತ ಕೂಗಿದೆ.

“ನೀವು ಹೇಳ್ದೆ ಹೆಂಗ್ ಒಡಿಯಾದು ಅಜ್ಜಿ? ಆಮೇಲೆ ನನ್ನ ತಲೆ ಒಡೀತೀರಿ.”

“ಒಡಿ” ಅಂದೆ. ಅಷ್ಟು ದೂರಕ್ಕೂ ಸುತ್ತಿಗೆಯ ಸದ್ದು ಕೇಳಿಸಿತು. ರೇಣುಕಾ “ಇಡ್ತೀನಿ ಅಜ್ಜಿ” ಅಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ.

ಶಾಲಿನಿ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಾಳೆ. ನನ್ನನ್ನು ಆಶ್ರಯಕ್ಕೆ ಕರೆದುಕೊಂಡು ಹೋಗುವುದಕ್ಕೆ ಎರಡು ದಿನ ತಡವಿತ್ತು. ನಾನು ಕಿಟಕಿ ಹತ್ತಿರ ಕೂತೆ. ಬೀದಿಯಲ್ಲಿ ಒಂದು ಜನ ಇಲ್ಲ. ಎದುರು ಮನೆಯ ಮುದುಕ ಅವನ ಕಿಟಕಿಯಲ್ಲಿ ಕೂತಿದ್ದ. ಮೊದಲ ದಿನ ಕೈ ಎತ್ತಿದೆ. ಅವನು ಪರದೆ ಎಳೆದ. ಮಾರನೆಯ ದಿನ ಅವನೇ ಕೈ ಎತ್ತಿದ. ನಾನು ಪರದೆ ಎಳೆಯಲಿಲ್ಲ, ಆದರೆ ಎಳೆಯೋಣ ಅನ್ನಿಸಿದ್ದು ಹೌದು.

ಬೇಜಾರಾಗಿ ಬಸ್ ಸ್ಟಾಪಿನವರೆಗೆ ನಡೆದೆ. ಉದ್ದನೆಯ ಬೆಂಚಿತ್ತು, ಒಬ್ಬಳು ಹೆಂಗಸು ಕೂತಿದ್ದಳು. ಪಕ್ಕಕ್ಕೆ ಕೂತೆ. ಅವಳು ಸರಿದಳು. ನನಗೆ ಜಾಗ ಬಿಟ್ಟಳು ಅಂದುಕೊಂಡು ನಾನೂ ಸರಿದೆ. ಅವಳು “ಸಾರಿ” ಅಂತ ಎದ್ದು ನಿಂತಳು. ನಮ್ಮ ಕಡೆ ತುರುವೇಕೆರೆಯಲ್ಲಿ ಬಸ್ಸು ಹತ್ತಿದರೆ ಸಂಪಿಗೆ ಊರು ಬರುವಷ್ಟರಲ್ಲಿ, ಯಾರ ಮಗಳು, ಯಾರ ಸೊಸೆ, ಮಂಡಿ ನೋವಿಗೆ ಏನು ಹಚ್ಚುತ್ತೀಯ, ಎಲ್ಲ ಕೇಳಿ ಮುಗಿದಿರುತ್ತದೆ. ಅದು ಎಷ್ಟೋ ಸಲ ಕಿರಿಕಿರಿ. ಆ ಬೆಂಚಿನ ಮೇಲೆ ಕೂತಾಗ, ಯಾರಾದರೂ ಬಂದು ಕಿರಿಕಿರಿ ಮಾಡಬಾರದೇ ಅನ್ನಿಸಿತು.

ನನ್ನ ಮನೆಯೇನು ಖಾಲಿ ಮನೆಯಲ್ಲ. ಮಗ, ಸೊಸೆ, ಮೊಮ್ಮಕ್ಕಳು, ಸದಾ ಗಲಾಟೆ. ಆದರೆ ನಾಯಿಯ ಮಾತು ತೆಗೆದರೆ ಎಲ್ಲರಿಗೂ ಏನೋ ಕೆಲಸ ನೆನಪಾಗುತ್ತದೆ. ಕೊಟ್ಟಿಗೆಗೆ ಹೋದರೆ ಅಲ್ಲಿಯವರು ‘ಆಯ್ತಜ್ಜಿ’ ಅನ್ನುತ್ತಾರೆ. ಹಾಗಾಗಿ ಮಾತಿಲ್ಲದ ಊರು ನನಗೆ ಅಷ್ಟೇನೂ ಹೊಸದಲ್ಲ. ಚಳಿ ಮಾತ್ರ ಹೊಸದು.

ನಾಯಿಗಳ ಜಾಗ

ಮೂರನೆಯ ದಿನ ಆಶ್ರಯ ನೋಡಿದೆ. ಕೆಂಪು ಇಟ್ಟಿಗೆಯ ಕಟ್ಟಡ, ಹಿಂದೆ ಹುಲ್ಲಿನ ಬಯಲು. ಪಕ್ಕದಲ್ಲಿ ಹೊಸ ಕಟ್ಟಡ ಅರ್ಧಕ್ಕೆ ಎದ್ದಿತ್ತು. ಉದ್ದ ಕಾಲಿನ, ಬಡಕಲು ನಾಯಿಯೊಂದು ಕೋಟು ಹಾಕಿಕೊಂಡು ಬಂದು ನನ್ನ ಸೀರೆ ಮೂಸಿತು. ಅಭ್ಯಾಸದಂತೆ “ಹಚಾ!” ಅಂದೆ. ನಮ್ಮೂರಲ್ಲಿ ಆ ಮಾತಿಗೆ ಹತ್ತು ಮಾರು ಓಡುತ್ತವೆ. ಅದು ಬಾಲ ಅಲ್ಲಾಡಿಸಿಕೊಂಡು ಇನ್ನೂ ಹತ್ತಿರ ಬಂತು. ಹುಟ್ಟಿದಾಗಿನಿಂದ ಯಾರೂ ಅದಕ್ಕೆ ಆ ಮಾತು ಹೇಳಿಲ್ಲ.

ನಾಯಿ ಸಾಕಲು ಕೇಳಿಕೊಂಡು ಬಂದವರ ಮನೆಗೆ ಇವರು ಹೋಗಿ ನೋಡುತ್ತಾರಂತೆ. ಬೇಲಿ ಇದೆಯಾ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಮಕ್ಕಳು ಹೇಗೆ. ಗಂಡಿನ ಮನೆ ನೋಡುವುದಕ್ಕೆ ಹೋದ ಹಾಗೆ. ಸರಿಬರದಿದ್ದರೆ ಇಲ್ಲ ಅನ್ನುತ್ತಾರೆ. ಎಷ್ಟೇ ದೊಡ್ಡ ಮನುಷ್ಯನಾದರೂ ಅದೇ. ಅದು ನನಗೆ ಹಿಡಿಸಿತು.

ಹಿಡಿಸದೇ ಹೋದದ್ದು ಬಾಗಿಲ ಪಕ್ಕದ ಗೋಡೆ. ಸಾಲಾಗಿ ಮೊಳೆ, ಮೊಳೆಗೊಂದು ಬೀಗದ ಕೈ, ಒಂದೊಂದಕ್ಕೂ ಬಣ್ಣದ ಚೀಟಿ. ಔಷಧಿ ಕೋಣೆಯದು ಮಾತ್ರ ಪುಟ್ಟ ಪೆಟ್ಟಿಗೆಯೊಳಗೆ, ಅದೂ ಆವತ್ತಿನ ಪಾಳಿಯವರಿಗೆ ಸಿಗುವಂತೆ.

“ಇದೇನೇ, ತೊಟ್ಟಿಲ್ಗೆ ಗಿಲಕಿ ನೇತಾಕ್ದಂಗೆ ನೇತಾಕಿದ್ದೀರಾ! ಕದ್ದರೆ?”

“ಕದ್ರೆ ಗೊತ್ತಾಗುತ್ತೆ ಅಜ್ಜಿ. ಸಿಗ್ದೇ ಇದ್ರೆ ಕಷ್ಟ ಅಲ್ವಾ?” ಅಂದಳು ಶಾಲಿನಿ. ನನ್ನ ಮುಖ ನೋಡದೆ ಅಂದಳು. ಆವತ್ತು ಫೋನಿನ ಮಾತನ್ನು ಅವಳೂ ಕೇಳಿಸಿಕೊಂಡಿದ್ದಳಲ್ಲ.

ಅಲ್ಲಿನ ಅಧ್ಯಕ್ಷೆ ಮಾರ್ಗರೆಟ್. ನಾನು ಮಾರ್ಗರೆಟ್ಟಮ್ಮ ಅಂದೆ, ವಯಸ್ಸಿನಲ್ಲಿ ಹೆಚ್ಚುಕಮ್ಮಿ ನನ್ನ ಓರಗೆ. ಉದ್ದ ಆಳು, ಗಂಡಸರ ಬೂಟು, ಕೂದಲು ತಾನೇ ಕತ್ತರಿಸಿಕೊಂಡಂತಿತ್ತು. ತನ್ನ ಹಿತ್ತಲಿನ ಗೂಡಿನಲ್ಲಿ ಶುರು ಮಾಡಿದ್ದಂತೆ ಇದೆಲ್ಲ. ಅವಳಿಗೆ ಅರಿಶಿನ ಕುಂಕುಮ ಕೊಟ್ಟು, ರವಿಕೆ ಕಣ, ನಾರಿನ ಹಗ್ಗ ಕೊಟ್ಟೆ. ಗಂಡ ಸತ್ತವಳು ಕುಂಕುಮ ಕೊಡಬಾರದು ಅನ್ನುತ್ತಾರೆ ನಮ್ಮಲ್ಲಿ. ಅಲ್ಲಿ ಕೇಳುವವರು ಯಾರು? ಅವಳಿಗೂ ಗಂಡ ಇರಲಿಲ್ಲ. ಹಗ್ಗವನ್ನು ಮೂಸಿ ನೋಡಿ ಕಣ್ಣು ಮುಚ್ಚಿಕೊಂಡಳು. ಒಳ್ಳೆಯ ಹೆಂಗಸು ಅಂದುಕೊಂಡೆ.

ಮೀಟಿಂಗ್ ಕೋಣೆ

ಮಾರನೆಯ ದಿನ ಮೀಟಿಂಗು. ನನ್ನನ್ನೂ ಕೂರಿಸಿಕೊಂಡರು. ಶಾಲಿನಿ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅವರು ಅರ್ಧ ಗಂಟೆ ಆಡಿದ್ದನ್ನು ಇವಳು “ಬೇಡ ಅಂದ್ರು” ಅಂತ ಮುಗಿಸುತ್ತಿದ್ದಳು. ನಮ್ಮ ಕಡೆಯವಳು ಅನ್ನುವುದಕ್ಕೆ ಅದಕ್ಕಿಂತ ಗುರುತು ಬೇಡ.

ಮೊದಲಿಗೇ ಮಾರ್ಗರೆಟ್ಟಮ್ಮ ಎಲ್ಲರನ್ನೂ ಏನೋ ಕೇಳಿದಳು.

“ಇವತ್ತಿನ ವಿಷಯದಲ್ಲಿ ಯಾರಿಗಾದ್ರೂ ಸ್ವಂತದ್ದು ಏನಾದ್ರೂ ಇದ್ಯಾ ಅಂತ ಕೇಳ್ತಿದ್ದಾರೆ ಅಜ್ಜಿ.”

ಬೊಕ್ಕತಲೆಯವನೊಬ್ಬ ಕೈ ಎತ್ತಿದ. ಹೊಸ ಕಟ್ಟಡದ ಚಾವಣಿ ಕೆಲಸ ಕೇಳಿದವರಲ್ಲಿ ಅವನ ಭಾವಮೈದ ಒಬ್ಬನಂತೆ. ಚಾವಣಿಯ ಮಾತು ಬಂದಾಗ ಅವನೇ ಎದ್ದು ಹೊರಗೆ ಹೋದ, ಮುಗಿದ ಮೇಲೆ ಬಂದು ಕೂತ. ಯಾರೂ ಅವನನ್ನು ಕಳ್ಳನಂತೆ ನೋಡಲಿಲ್ಲ. ಭಾವಮೈದ ಚಾವಣಿ ಹಾಕುವವನಾದರೆ ನಮ್ಮಲ್ಲಿ ಅವನನ್ನೇ ಮುಂದೆ ಕೂರಿಸಿ ಕೆಲಸ ಒಪ್ಪಿಸುತ್ತೇವೆ. ಮನೆಯವನು, ಚೆನ್ನಾಗಿ ಮಾಡುತ್ತಾನೆ ಅಂತ. ಮಾಡದಿದ್ದರೆ ಯಾರೂ ಕೇಳುವಂತಿಲ್ಲ, ಮನೆಯವನು ಅಂತ.

ಆಮೇಲೆ ಮಾರ್ಗರೆಟ್ಟಮ್ಮ ಚೀಲದಿಂದ ನನ್ನ ರವಿಕೆ ಕಣ, ಹಗ್ಗ, ಕುಂಕುಮದ ಪೊಟ್ಟಣ ತೆಗೆದು ಮೇಜಿನ ಮಧ್ಯೆ ಇಟ್ಟಳು. ಎಲ್ಲರೂ ಬಗ್ಗಿ ನೋಡಿದರು. ನನಗೆ ಮೈ ಉರಿಯಿತು.

“ಏನಂತೆ?”

“ಅಧ್ಯಕ್ಷರಿಗೆ ಯಾರು ಏನು ಕೊಟ್ರೂ ಮೀಟಿಂಗಲ್ಲಿ ಹೇಳ್ಬೇಕು ಅಜ್ಜಿ. ಇಲ್ಲಿ ಹಂಗೇ.”

“ರವಿಕೆ ಕಣಾನೂವಾ?”

“ರವಿಕೆ ಕಣಾನೂ.”

“ಕುಂಕುಮ ತಗಂಡ್ರೆ ಯಾವ ನಾಯಿಗೆ ಮೋಸ ಆಯ್ತದೆ ಕೇಳು ಅವಳ್ನ!”

ಶಾಲಿನಿ ಕೇಳಲಿಲ್ಲ. ಒಬ್ಬ ಹುಡುಗಿ ಕಣವನ್ನು ಬೆಳಕಿಗೆ ಹಿಡಿದು ಏನೋ ಅಂದಳು, ಚರ್ಚೆಯಾಯಿತು. ಹಗ್ಗ ಆಶ್ರಯಕ್ಕೆ ಸೇರಿದ್ದು, ನಾಯಿಗೆ ಕಟ್ಟಬಹುದು. ಕಣ, ಕುಂಕುಮ ಸಣ್ಣ ಪ್ರೀತಿಯ ಕೊಡುಗೆ, ಎಲ್ಲರಿಗೂ ಗೊತ್ತಾಗಿರುವುದರಿಂದ ಮಾರ್ಗರೆಟ್ಟಮ್ಮ ಇಟ್ಟುಕೊಳ್ಳಬಹುದು. ಕೈ ಎತ್ತಿ ಒಪ್ಪಿಗೆ ಕೊಟ್ಟರು. ನನ್ನ ಎಂಬತ್ತು ಸೆಂಟಿಮೀಟರಿನ ಬಟ್ಟೆಗೆ ಅಷ್ಟು ಕೈ ಎದ್ದವು. ನಮ್ಮ ಕಮಿಟಿಯಲ್ಲಿ ನನ್ನ ಯಾವ ಮಾತಿಗೂ ಒಂದು ಕೈ ಎದ್ದದ್ದು ನೋಡಿಲ್ಲ. ತಲೆ ಅಲ್ಲಾಡುತ್ತದೆ. ಅದು ಹೌದೋ ಅಲ್ಲವೋ ಅಂತ ನಾನೂ ಯಾವತ್ತೂ ಕೇಳಿದವಳಲ್ಲ.

ಕೊನೆಗೆ ಏನೋ ಒಂದು ಮಾತು ಬಂತು. ಮಾರ್ಗರೆಟ್ಟಮ್ಮ ಕನ್ನಡಕ ತೆಗೆದಿಟ್ಟು, ಎದ್ದು, ಹೊರಗೆ ಹೊರಟಳು. ಅಧ್ಯಕ್ಷರು ಎದ್ದರೆ ಮೀಟಿಂಗ್ ಮುಗಿಯಿತು ಅಂತ ತಾನೇ ಅರ್ಥ? ನಾನೂ ಸೆರಗು ಸರಿಮಾಡಿಕೊಂಡು ಎದ್ದು ಅವಳ ಹಿಂದೆಯೇ ನಡೆದೆ. ಶಾಲಿನಿ “ಅಜ್ಜೀ” ಅಂತ ಪಿಸುಗುಟ್ಟಿದ್ದು ಕೇಳಿಸಿತು. ಕಾಫಿ ಕುಡಿದು ಹೋಗಿ ಅನ್ನುತ್ತಾಳೆ ಅಂದುಕೊಂಡೆ. ನಮ್ಮ ಹಿಂದೆ ಬಾಗಿಲು ಮುಚ್ಚಿತು. ಬೇರೆ ಯಾರೂ ಬರಲಿಲ್ಲ.

ಬಾಗಿಲ ಹೊರಗಿನ ಬೆಂಚು

ಅದು ಉದ್ದನೆಯ ಓಣಿಯಂಥ ಜಾಗ, ಒಂದು ಬೆಂಚು. ಗೋಡೆ ತುಂಬ ನಾಯಿಗಳ ಫೋಟೋ. ಮಾರ್ಗರೆಟ್ಟಮ್ಮ ಕೂತಳು. ನನ್ನನ್ನು ನೋಡಿ ಆಶ್ಚರ್ಯಪಟ್ಟಳು, ಆಮೇಲೆ ಪಕ್ಕದ ಜಾಗ ತಟ್ಟಿದಳು. ಕೂತೆ. ಅವಳು ಸರಿಯಲಿಲ್ಲ.

ಒಳಗೆ ಮಾತು ನಡೆಯುತ್ತಿತ್ತು. ಯಾರೋ ನಕ್ಕರು. ಮಾರ್ಗರೆಟ್ಟಮ್ಮ ಬಾಗಿಲು ನೋಡಿದಳು. ಆ ನೋಟ ನನಗೆ ಗೊತ್ತು. ಪಾಸ್‌ಪೋರ್ಟ್ ಬಂದ ದಿನದಿಂದ ನಾನು ರೇಣುಕಾಳನ್ನು ಹಾಗೆಯೇ ನೋಡಿದ್ದೇನೆ. ಒಳಗಿನ ಮಾತು ಇವಳದ್ದೇ, ಇವಳನ್ನು ಹೊರಗಿಟ್ಟು ಇವಳ ಮಾತು ಆಡುತ್ತಿದ್ದಾರೆ ಅಂತ ಅರ್ಥವಾಗಲು ಇಂಗ್ಲಿಷ್ ಬೇಕಾಗಲಿಲ್ಲ.

ಅವಳ ಕೈ ತೊಡೆಯ ಮೇಲಿತ್ತು. ಸೋಪು ನೀರಿನಲ್ಲಿ ಸೀಳು ಬಿಟ್ಟ ಬೆರಳು. ಹೆಬ್ಬೆರಳಿನ ಬುಡದಲ್ಲಿ ನಾಯಿ ಕಚ್ಚಿದ ಹಳೆಯ ಗುರುತು. ನಾನು ನನ್ನ ಕೈ ಪಕ್ಕದಲ್ಲಿಟ್ಟೆ. ನನ್ನದೂ ಅದೇ ಜಾಗ. ಅನ್ನದ ಬಟ್ಟಲು ಇಡುವಾಗ ಕಚ್ಚಿದರೆ ಅಲ್ಲೇ ಬೀಳುವುದು. ಅವಳು ತೋಳು ಮೇಲಕ್ಕೆತ್ತಿ ಇನ್ನೊಂದು ತೋರಿಸಿದಳು, ದೊಡ್ಡದು. ನಾನು ಸೀರೆ ಮೀನಖಂಡದವರೆಗೆ ಎತ್ತಿ ನನ್ನದು ತೋರಿಸಿದೆ, ಅದಕ್ಕಿಂತ ದೊಡ್ಡದು. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಜೇಬಿನಿಂದ ಒಂದು ಪೆಪ್ಪರ್‌ಮೆಂಟು ತೆಗೆದು ಹಲ್ಲಿನಲ್ಲಿ ಕಚ್ಚಿ ಅರ್ಧ ಕೊಟ್ಟಳು. ಎಂಜಲು. ತಿಂದೆ.

ಆಮೇಲೆ ನಗು ಮುಗಿಯಿತು. ಕೋಟಿನ ನಾಯಿ ಬಂದು ಅವಳ ಬೂಟಿನ ಮೇಲೆ ಗದ್ದ ಇಟ್ಟು ಮಲಗಿತು. ಒಳಗೆ ಕುರ್ಚಿ ಸರಿಯಿತು. ಅವಳ ಕಾಲು ಅಲ್ಲಾಡುತ್ತಿತ್ತು, ಅದರ ಜೊತೆ ನಾಯಿಯ ತಲೆಯೂ.

ಬೊಕ್ಕತಲೆಯವನು ಬಾಗಿಲು ತೆಗೆದ. ಒಳಗೆ ಹೋದಾಗ ಎಲ್ಲರೂ ಮೇಜು ನೋಡುತ್ತಿದ್ದರು. ಅವನು ನಾಲ್ಕು ಮಾತು ಆಡಿದ. ಮಾರ್ಗರೆಟ್ಟಮ್ಮ ತಲೆದೂಗಿ “ಥ್ಯಾಂಕ್ಯೂ” ಅಂದಳು. ತನ್ನ ಕುರ್ಚಿಗೆ ಹೋಗಲಿಲ್ಲ. ಕನ್ನಡಕ ಮಾತ್ರ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು. ಕಣವನ್ನು ಬೆಳಕಿಗೆ ಹಿಡಿದಿದ್ದ ಹುಡುಗಿ ಹೋಗಿ ಆ ಕುರ್ಚಿಯಲ್ಲಿ ಕೂತಳು, ತುದಿಯಲ್ಲಿ, ಹೆದರಿಕೊಂಡು.

ಶಾಲಿನಿ ಹೇಳಿದಳು. ಅಧ್ಯಕ್ಷರಿಗೆ ಇಷ್ಟು ವರ್ಷ ಅಂತ ಇದೆ. ಮಾರ್ಗರೆಟ್ಟಮ್ಮನದು ಮುಗಿದಿತ್ತು. ಹೊಸ ಕಟ್ಟಡ ಮುಗಿಯುವವರೆಗೆ ಇನ್ನೊಂದು ವರ್ಷ ಕೊಡಿ ಅಂತ ಕೇಳಿದ್ದಳು. ಇಲ್ಲ ಅಂದರು.

“ಕಟ್ಟಿದವಳಿಗೆ ಹಿಂಗಾ ಮಾಡಾದು? ಅನ್ನ ಇಳೀತದಾ ಇವ್ರಿಗೆ?”

“ಆ ರೂಲ್ಸ್ ಬರ್ದಿದ್ದು ಅವ್ರೇ ಅಜ್ಜಿ. ಶುರುನಲ್ಲೇ.”

“ಬರ್ದಾಗ ಬುದ್ಧಿ ಇರ್ಲಿಲ್ಲ ಅವಳಿಗೆ.”

ಮಾರ್ಗರೆಟ್ಟಮ್ಮ ನಾನು ಏನಂದೆ ಅಂತ ಶಾಲಿನಿಯನ್ನು ಕೇಳಿದಳು. ಶಾಲಿನಿ ನನ್ನ ಮುಖ ನೋಡಿದಳು. “ಹೇಳು, ಹೆದರಿಕೆಯಾ?” ಅಂದೆ. ಹೇಳಿದಳು. ಮಾರ್ಗರೆಟ್ಟಮ್ಮ ಜೋರಾಗಿ ನಕ್ಕು ಏನೋ ಅಂದಳು.

“ನಿಜ ಅಂತೆ. ಆಗ ವಯಸ್ಸಿತ್ತಂತೆ, ಮುದುಕಿ ಆಗ್ತೀನಿ ಅಂತ ಗೊತ್ತಿರ್ಲಿಲ್ವಂತೆ.”

ಅವಳ ಕೈ ಮೇಜಿನ ಕೆಳಗೆ ಕನ್ನಡಕವನ್ನು ಮಡಚಿ ಬಿಚ್ಚಿ ಮಾಡುತ್ತಿತ್ತು. ನಾನು ಹಿಡಿದುಕೊಳ್ಳಲಿಲ್ಲ. ಅಲ್ಲಿ ಹಿಡಿದುಕೊಳ್ಳುವುದಿಲ್ಲ. ನನಗೂ ಆ ಅಭ್ಯಾಸವಿಲ್ಲ.

ಬಟ್ಟಲು ತೊಳೆಯುವ ಜಾಗ

ಮಾರನೆಯ ದಿನ ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ನಾನಾಗಿದ್ದರೆ ಬರುತ್ತಿರಲಿಲ್ಲ. ಹಿತ್ತಲಿನಲ್ಲಿ ಬಟ್ಟಲಿನ ಸದ್ದು ಕೇಳಿ ಹೋಗಿ ನೋಡಿದರೆ, ತೋಳು ಮಡಚಿಕೊಂಡು ನಾಯಿಗಳ ಬಟ್ಟಲು ತೊಳೆಯುತ್ತಿದ್ದಾಳೆ. ನಾನೂ ಸೀರೆ ಎತ್ತಿ ಕಟ್ಟಿ ಪಕ್ಕಕ್ಕೆ ನಿಂತೆ. ಅವಳು ತೊಳೆದಳು, ನಾನು ಒರೆಸಿದೆ. ಬಿಸಿನೀರು ನಲ್ಲಿಯಲ್ಲೇ ಬರುತ್ತದೆ. ಆ ದೇಶದಲ್ಲಿ ನನಗೆ ಹೊಟ್ಟೆಕಿಚ್ಚಾದದ್ದು ಅದೊಂದಕ್ಕೇ.

ಶಾಲಿನಿ ಔಷಧಿ ಕೊಡಲು ಬಂದಾಗ ಕೇಳಿಸಿದೆ. ನಿನಗೆ ಸಿಟ್ಟು ಬರಲಿಲ್ಲವಾ ಅಂತ.

ಮಾರ್ಗರೆಟ್ಟಮ್ಮ ಕೈ ನಿಲ್ಲಿಸದೆ ಬಹಳ ಹೊತ್ತು ಮಾತಾಡಿದಳು. ಶಾಲಿನಿ ಈ ಸಲ ಮೊಟಕು ಮಾಡಲಿಲ್ಲ.

“ಹೋದ ಚಳಿಗಾಲ ಜಾರಿಬಿದ್ದು ಆಸ್ಪತ್ರೇಲಿದ್ರಂತೆ ಅಜ್ಜಿ. ನಾನಿಲ್ದೆ ಏನಾಗಿದ್ಯೋ ಅಂತ ಒದ್ದಾಡ್ಕೊಂಡು ವಾಪಸ್ ಬಂದ್ರಂತೆ. ಬಂದು ನೋಡಿದ್ರೆ ಏನೂ ಆಗಿರ್ಲಿಲ್ಲ. ಒಂದ್ ನಾಯಿಗೂ ಒಂದ್ ಹೊತ್ತು ಊಟ ತಪ್ಪಿರ್ಲಿಲ್ಲ, ಒಂದ್ ಮಾತ್ರೆ ತಪ್ಪಿರ್ಲಿಲ್ಲ. ತುಂಬಾ ಖುಷಿ ಆಯ್ತಂತೆ. ಆಮೇಲೆ ಮನೆಗೆ ಹೋಗಿ ಅತ್ರಂತೆ.”

ನಾನು ಒರೆಸುತ್ತಿದ್ದ ಬಟ್ಟಲನ್ನೇ ಮತ್ತೆ ಒರೆಸಿದೆ. ಕೆಂಚಿ ಕಣ್ಣ ಮುಂದೆ ಬಂದಳು. ಅವಳಿಗೆ ಫಿಟ್ಸು ಬಂದಾಗ ಕಾಲು ನಾಲ್ಕೂ ಗಾಳಿಯಲ್ಲಿ ಓಡುತ್ತವೆ, ಎಲ್ಲಿಗೋ ಹೋಗಬೇಕು ಅನ್ನುವ ಹಾಗೆ.

ಸೊಂಟದ ಬೀಗದ ಕೈ ತೆಗೆದು ಮಾರ್ಗರೆಟ್ಟಮ್ಮನಿಗೆ ತೋರಿಸಿ, ಇದರ ಕಥೆ ಹೇಳು ಅಂತ ಶಾಲಿನಿಗೆ ಹೇಳಿದೆ. ಹೇಳಿದಳು. ಮಾರ್ಗರೆಟ್ಟಮ್ಮ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಅದನ್ನು ಒದ್ದೆ ಕೈಯಲ್ಲಿ ಹಿಡಿದು ಭಾರ ನೋಡಿ, ಒರೆಸಿ, ವಾಪಸ್ಸು ಕೊಟ್ಟಳು. ಇನ್ನೊಂದು ಬಟ್ಟಲು ತಗೊಂಡಳು.

ಹೊರಡುವ ದಿನ ಅವಳು ಬಾಗಿಲವರೆಗೆ ಬಂದಳು. ಕೋಟಿನ ನಾಯಿಯ ಕೊರಳಲ್ಲಿ ನನ್ನ ನಾರಿನ ಹಗ್ಗ. ನಾಯಿಗೆ “ಹಚಾ” ಅಂದೆ. ಬಾಲ ಅಲ್ಲಾಡಿಸಿತು. ಮತ್ತೆ ನೋಡುತ್ತೇವೆ ಅಂತ ನಾವಿಬ್ಬರೂ ಸುಳ್ಳು ಹೇಳಲಿಲ್ಲ.

ದಬ್ಬೇಘಟ್ಟದ ದಾರಿ

ಬಸವರಾಜು ಬೆಂಗಳೂರಿಗೆ ಬಂದಿದ್ದ. ದಾರಿಯುದ್ದಕ್ಕೂ ಅವನು ಕೇಳುತ್ತಾ ಬಂದ, ನಾನು ಹೂಂ ಅನ್ನುತ್ತಾ ಬಂದೆ.

“ಹೆಂಗಿತ್ತಜ್ಜಿ ದೇಶ?”

“ಚಳಿ.”

“ಜನ?”

“ಸರ್ಕಂಡು ಕುತ್ಕತಾರೆ.”

ತುರುವೇಕೆರೆ ದಾಟಿ ತೆಂಗಿನ ಸಾಲು ಶುರುವಾದ ಮೇಲೆ ಮೈ ಬಿಸಿಯಾಯಿತು. ಮನೆಗೆ ಹೋಗದೆ ಸೀದಾ ಕೊಟ್ಟಿಗೆಗೆ ನಡೆಸು ಅಂದೆ. ಅವನು ಗಾಡಿ ನಿಧಾನ ಮಾಡಿದ.

ಯಾಕೆ ಅಂತ ಅಲ್ಲಿ ಇಳಿದ ಮೇಲೆ ಗೊತ್ತಾಯಿತು. ಸ್ಟೋರ್ ರೂಮಿಗೆ ಹೊಸ ಬೀಗ. ಗೇಟಿಗೂ ಹೊಸ ಬೀಗ. ಹಳೆಯ ಬೀಗ ಒಡೆದ ಮೇಲೆ ಹಾಕದೆ ಏನು ಮಾಡುತ್ತಾರೆ? ಆದರೂ ನನ್ನ ಕೈ ತಾನೇ ಸೊಂಟಕ್ಕೆ ಹೋಗಿ, ಹಳೆಯ ಬೀಗದ ಕೈ ತೆಗೆದು, ಹೊಸ ಬೀಗದ ಬಾಯಿಗೆ ಇಟ್ಟು ನೋಡಿತು. ಒಳಗೆ ಹೋಗಲೂ ಇಲ್ಲ.

ರೇಣುಕಾ ಓಡಿ ಬಂದಳು. “ಅಜ್ಜಿ, ನಿಮಗೂ ಒಂದು ಮಾಡ್ಸಿ ಇಟ್ಟಿದ್ದೀನಿ. ನಂಗೊಂದು, ಬಸವರಾಜಂಗೊಂದು. ಬೈಕಬೇಡಿ.”

“ಕೆಂಚಿ ಹೆಂಗವಳೆ?”

“ಚೆನ್ನಾಗವಳೆ. ಆವತ್ತಿಂದ ಒಂದಿನಾನೂ ಮಾತ್ರೆ ತಪ್ಪಿಲ್ಲ.”

ಖುಷಿಯಾಯಿತು. ಮಾರ್ಗರೆಟ್ಟಮ್ಮ ಹೇಳಿದ ಎರಡನೆಯದೂ, ಅಳುವುದೂ, ಆಗಬಹುದು ಅನ್ನಿಸಿ, ಕಣ್ಣು ಉಜ್ಜಿಕೊಂಡೆ. ಆಗಲಿಲ್ಲ. ಆಮೇಲೆ ಆಯಿತು, ಯಾರೂ ಇಲ್ಲದಾಗ.

ಆ ಭಾನುವಾರ ಕಮಿಟಿ ಕರೆದೆ. ಎಲ್ಲರೂ ಬಂದು ಕೂತರು. ವಿದೇಶದ ಕಥೆ ಕೇಳುವ ಆಸೆ ಅವರಿಗೆ.

“ಅಧ್ಯಕ್ಷರು ಬದಲಾಗ್ಬೇಕು ಅಂತ ರೇಣುಕಾ ಮಳೆಗಾಲದಲ್ಲಿ ಕೇಳಿದ್ಳು. ನಾನು ಅಡ್ಡ ಮಾತಾಡ್ದೆ. ಇವತ್ತು ಅದನ್ನ ಮಾತಾಡಿ” ಅಂದೆ. “ಅದು ನನ್ನ ವಿಷಯ. ನಾನು ಇಲ್ಲಿರಬಾರ್ದು.” ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಒಳಗೆ ಸದ್ದೇ ಇಲ್ಲ. ಕಲ್ಲಿನ ಮೇಲೆ ಕೂತೆ. ತುಂಬ ಹೊತ್ತಾಯಿತು. ಒಂದು ಕೆಮ್ಮು ಕೂಡ ಇಲ್ಲ.

“ಮಾತಾಡ್ರೋ! ನಾನೇನು ಸತ್ತಿಲ್ಲ, ಹೊರಗೆ ಕೂತಿದ್ದೀನಿ ಅಷ್ಟೇ!” ಅಂತ ಕೂಗಿದೆ.

ಯಾರೋ ಕಿಸಕ್ಕಂದರು. ಆಮೇಲೆ ಮಾತು ಶುರುವಾಯಿತು. ಮೊದಲು ಒಂದು ದನಿ, ಆಮೇಲೆ ಎರಡು, ಆಮೇಲೆ ಎಲ್ಲರೂ ಒಟ್ಟಿಗೆ. ಇಷ್ಟು ವರ್ಷದಲ್ಲಿ ಆ ಶೆಡ್ಡಿನೊಳಗೆ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬರೀ ‘ಆಯ್ತಜ್ಜಿ’ ಅನ್ನುತ್ತಿದ್ದ, ಕಮಿಟಿಯ ಹುಂಜದ ಕೊರಳಿನ ಶಿವಣ್ಣನಿಗೂ ಸ್ವಂತ ಮಾತಿತ್ತು. ಯಾರ ಹೆಸರು, ಏನು ಅಂತ ಕೇಳಿಸಿಕೊಳ್ಳಬಾರದು ಅಂತ ಎದ್ದು ಸ್ವಲ್ಪ ದೂರ, ತೆಂಗಿನ ಬುಡಕ್ಕೆ ಹೋಗಿ ಕೂತೆ. ಕೆಂಚಿ ಬಂದು ಪಾದದ ಮೇಲೆ ಗದ್ದ ಇಟ್ಟಳು. ಕಾಲು ಅಲ್ಲಾಡುತ್ತಿತ್ತು. ಪಕ್ಕಕ್ಕೆ ಯಾರೂ ಇರಲಿಲ್ಲ, ಕಚ್ಚಿದ ಗುರುತು ತೋರಿಸಲು.

ಬಸವರಾಜು ಬಾಗಿಲು ತೆಗೆದು ಬಂದ. ನನ್ನನ್ನು ನೋಡದೆ, ನೆಲ ನೋಡಿಕೊಂಡು ಹೇಳಿದ.

“ಅಜ್ಜಿ… ರೇಣುಕಕ್ಕ ಅಂತ ಆಯ್ತು. ಮೂರು ವರ್ಷ. ಕೈ ಎತ್ತಿ ಆಯ್ತು.”

“ಎಲ್ರೂ ಎತ್ತಿದ್ರಾ?”

“ನಾನು ಎತ್ಲಿಲ್ಲ.”

“ಯಾಕ್ಲಾ?”

“ನಿಮ್ಮ ಕಡೆ ಒಬ್ಬನಾದ್ರೂ ಇರ್ಲಿ ಅಂತ.”

“ದಡ್ಡ ಮುಂಡೇದೆ. ನಡಿ ಒಳಿಕೆ” ಅಂದೆ. ಒಳಗೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತೆ. ರೇಣುಕಾ ನನ್ನ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಆ ಹುಡುಗಿಯ ಹಾಗೆಯೇ. ಮಾಡಿಸಿಟ್ಟಿದ್ದ ಹೊಸ ಬೀಗದ ಕೈಯನ್ನು ನನ್ನ ಮುಂದೆ ಇಟ್ಟಳು. ನನಗೆ ಬೇಡ, ಗೋಡೆಗೆ ಮೊಳೆ ಹೊಡೆದು ನೇತುಹಾಕು ಅಂದೆ. ಎಲ್ಲರೂ ‘ಆಯ್ತಜ್ಜಿ’ ಅಂದರು. “ಹಂಗಲ್ಲ, ಕೈ ಎತ್ತಿ” ಅಂದೆ. ಎತ್ತಿದರು.

ಈಗಲೂ ಬೆಳಕು ಹರಿಯುವ ಮುಂಚೆಯೇ ಎಚ್ಚರವಾಗುತ್ತದೆ. ಕೊಟ್ಟಿಗೆಗೆ ನಡೆಯುತ್ತೇನೆ. ಗೇಟಿಗೆ ಬೀಗ ಇರುತ್ತದೆ. ಅದರ ಕೈ ಆವತ್ತಿನ ಪಾಳಿಯವರ ಹತ್ತಿರ, ಅವರು ಬಂದು ತೆಗೆಯುವವರೆಗೆ ಹೊರಗೆ ನಿಂತಿರುತ್ತೇನೆ. ನನ್ನ ಹೆಜ್ಜೆ ಸದ್ದಿಗೆ ಒಳಗೆ ನಾಯಿಗಳು ಕೂಗುತ್ತವೆ, ಬಾಗಿಲು ಯಾಕೆ ತೆಗೆಯುತ್ತಿಲ್ಲ ಅಂತ ಅವಕ್ಕೆ ಅರ್ಥವಾಗುವುದಿಲ್ಲ. “ಇರ್ರೋ, ಬೀಗದವರು ಬರ್ಲಿ” ಅನ್ನುತ್ತೇನೆ.

ಹಳೆಯ ಬೀಗದ ಕೈ ಸೊಂಟದಲ್ಲೇ ಇದೆ. ಅದು ಏನನ್ನೂ ತೆಗೆಯುವುದಿಲ್ಲ. ಎರಡು ದಿನ ತೆಗೆದಿಟ್ಟು ನೋಡಿದೆ, ನೆರಿಗೆ ಸರಿಯಾಗಿ ನಿಲ್ಲಲಿಲ್ಲ.